ಹಾರಕ್ಕ ಮರುಗ

ನಮ್ಮ ಮನ್ಯಾಗ ಹಾರ ಅಂದ್ರ ಕೊಳ್ಳಾಗ ಹಾಕ್ಕೊಳ್ಳೋದಲ್ಲ, ಹೊಟ್ಟಿಗೆ ಹಾಕ್ಕೊಳ್ಳೋದು. ಹಂದಿ ಮಾಂಸದ ಖೀಮಾಕ್ಕ ಉಪ್ಪು, ಕರಿಮೆಣಸು, ಬಳ್ಳೊಳ್ಳಿ, ಮರುಗದ ಎಲಿ ಕಲಸಿ, ತೊಳದ ಕರುಳಿನಾಗ ತುಂಬಿ, ಗೇಣು ಗೇಣಿಗೆ ದಾರ ಕಟ್ಟಿ ಗಳಕ್ಕ ತೂಗು ಹಾಕ್ತೀವಿ. ಅಂಗಡ್ಯಾಗ ಇದಕ್ಕ ಸಾಸೇಜ್ ಅಂತಾರ. ನಮ್ಮ ಗಂಗಾವತಿ ಮನ್ಯಾಗ ಯಾರೂ ಹಂಗ ಅನ್ನೂದಿಲ್ಲ. ನಮ್ಮ ಅತ್ತಿಯ ಅವ್ವ ಭಾಳ ಹಿಂದ ಒಬ್ಬ ಬಿಳಿ ಡಾಕ್ಟರಮ್ಮನ ಅಡಗಿಮನ್ಯಾಗ ಕೆಲಸಕ್ಕಿದ್ರಂತ. ಆ ಡಾಕ್ಟರಮ್ಮ ಪ್ರತಿ ಕ್ರಿಸ್ಮಸ್ಸಿಗೆ ತನ್ನೂರಿನ ಈ ಅಡಗಿ ಮಾಡಿಸ್ತಿದ್ಲಂತ. ಅದರ ಇಂಗ್ಲಿಷ್ ಹೆಸರು ಯಾರ ನಾಲಿಗಿಗೂ ಹೊರಳಲಿಲ್ಲ. ಗಳಕ್ಕ ತೂಗು ಹಾಕಿದ್ದನ್ನ ನೋಡಿ ಯಾರೋ "ಇದೇನವಾ, ಮಾಂಸದ ಹಾರ ಕಟ್ಟೀರಿ?" ಅಂದ್ರಂತ. ಅವತ್ತಿನಿಂದ ಅದಕ್ಕ ಹಾರ ಅನ್ನೋ ಹೆಸರು ನಿಂತಬಿಟ್ಟೈತಿ.

ಮರುಗ ಗೊತ್ತಲ್ಲ? ಹೆಣ್ಮಕ್ಕಳು ಮಲ್ಲಿಗಿ ಜೋಡಿ ಕಟ್ಟಿ ಮುಡಕೊಳ್ಳೋ ಸುವಾಸನಿ ಎಲಿ. ಊರ ಮಂದಿ ಅದನ್ನ ತಲಿ ಮ್ಯಾಲ ಇಡ್ತಾರ, ನಾವು ತಾಟಿನ್ಯಾಗ ಇಡ್ತೀವಿ. ಅದನ್ನ ಹಾಕಲಿಲ್ಲಂದ್ರ ಹಾರ ಹಾರನ ಅಲ್ಲ, ಬರೇ ಮಾಂಸ ತುಂಬಿದ ಕರುಳು ಅಂತಿದ್ರು ನಮ್ಮ ಅತ್ತಿ.

ನಾನು ಬೇವೂರಾಕಿ, ಯಲಬುರ್ಗಾ ಕಡೆಯಾಕಿ. ನಮ್ಮಪ್ಪ ಜ್ವಾಳ, ಕಡ್ಲಿ ಬೆಳಿಯೋ ಮನುಷ್ಯ. ತವರುಮನ್ಯಾಗ ಕುರಿ, ಕೋಳಿ ಎಲ್ಲಾ ನಡೀತದ. ಹಂದಿ ಅಂದ್ರ ಮಾತ್ರ ಮೂಗು ಮುರೀತಾರ. ಟೇಲರಿಂಗ್ ಕಲಿಯಾಕ ಅಂತ ಗಂಗಾವತಿಗೆ ಬಂದಾಕಿ ನಾನು, ಕಾರಟಗಿ ಕಡೆ ಅಕ್ಕಿ ಮಿಲ್ಲಿನ ಮಷಿನ್ ರಿಪೇರಿ ಮಾಡೋ ಹುಡುಗನ್ನ ಮೆಚ್ಚಿ ಮದುವಿ ಆದೆ. ಅವರು ಚರ್ಚಿಗೆ ಹೋಗೋ ಮಂದಿ, ನಾವು ಹನುಮಪ್ಪನ ಗುಡಿಗೆ ಹೋಗೋ ಮಂದಿ. ಎರಡೂ ಕಡೆ ಎಷ್ಟು ಬೈಗುಳ ತಿಂದ್ವಿ ಅನ್ನೋದನ್ನ ಬರಿಯಾಕ ಕುಂತ್ರ ಅದ ಒಂದು ಪುರಾಣ ಆದೀತು, ಬಿಡ್ರಿ.

ಮದುವಿ ಆದ ವರ್ಷ ಕ್ರಿಸ್ಮಸ್ ಊಟಕ್ಕ ಹಾರ ನನ್ನ ತಾಟಿಗೆ ಬಿತ್ತು. ಅತ್ತಿ ನನ್ನ ಮಾರಿನ ನೋಡಕೋತ ಕುಂತಿದ್ರು. ಮೊದಲನೇ ತುತ್ತು ಕಣ್ಣು ಮುಚ್ಚಿ ನುಂಗಿದೆ. ಎರಡನೇದು ಕಣ್ಣು ತೆರದು ತಿಂದೆ. ಆಮ್ಯಾಲ ನಾಚಿಕಿ ಬಿಟ್ಟು ತಾಟು ಮುಂದ ಚಾಚಿದೆ. ಅತ್ತಿ ನಕ್ಕೋತ ಹಾಕಿದ್ರು. ಆದ್ರ ಒಂದು ಮಾತು ಖರೇ ಹೇಳ್ತೀನಿ: ನನಗ ಹಾರ ತಿನ್ನಾಕ ಕೊಟ್ರು, ಮಾಡಾಕ ಕೊಡಲಿಲ್ಲ.

ಹಾರ ಮಾಡೋದು ಅತ್ತಿ ಮತ್ತ ಅವರ ಹಿರೀ ಮಗಳ ಕೆಲಸ. ನನ್ನ ಗಂಡನ ಅಕ್ಕ ಅವರು, ಕೊಪ್ಪಳದಾಗ ಇರ್ತಾರ, ನಾನು ಅಕ್ಕಾರ ಅಂತೀನಿ. ದೊಡ್ಡ ದನಿ, ದೊಡ್ಡ ಮನಸ್ಸು, ಬಾಯಿ ಮಾತ್ರ ಹರಿತ. ಹಬ್ಬದ ಹಿಂದಿನ ದಿನ ಬಸ್ಸಿನಾಗ ಬಂದು ಇಳದ್ರಂದ್ರ ಸೀದಾ ಅಡಗಿಮನಿಗೆ. ಕರುಳು ತೊಳಿಯೋದು ನಾನು, ಬಳ್ಳೊಳ್ಳಿ ಸುಲಿಯೋದು ನಾನು. ಕಲಸೋ ಹೊತ್ತು ಬಂತಂದ್ರ, "ನೀ ಹೊರಗ ಕೂಡವಾ, ಇದು ನಮ್ಮವ್ವನ ಮನಿತನದ ಕೆಲಸ," ಅಂದು ಬಾಗಲಾ ಮುಂದ ಮಾಡ್ತಿದ್ರು. ಒಳಗ ತಾಯಿ ಮಗಳು ನಗೋದು ಕೇಳಸ್ತಿತ್ತು, ಎಣ್ಣಿ ಚಟಪಟ ಅನ್ನೋದು ಕೇಳಸ್ತಿತ್ತು. ನಾನು ಹಿತ್ತಲದಾಗ ಕುಂತು ಬಕೇಟಿನ ಜೋಡಿ ಜಗಳಾ ಮಾಡ್ತಿದ್ದೆ. ಇಪ್ಪತ್ತು ವರ್ಷದ ಮ್ಯಾಲ ಆತು ಹಿಂಗ. ಮಕ್ಕಳು ಹುಟ್ಟಿ, ಬೆಳದು ಕಾಲೇಜು ಕಂಡ್ರು, ನಾನಿನ್ನೂ ಹೊರಗಿನಾಕಿನ.

ಹೋದ ವರ್ಷ ಮಳಿಗಾಲದಾಗ ಅತ್ತಿಗೆ ಲಕ್ವಾ ಹೊಡೀತು. ದೇವರ ದಯಾ, ಜೀವಕ್ಕೇನೂ ಆಗಲಿಲ್ಲ. ಬಲಗೈ ಸೋತುಹೋತು, ಮಾತು ತುಂಡು ತುಂಡಾತು. ಒಂದು ಶಬ್ದ ಶುರು ಮಾಡಿದ್ರ ಅದರ ಬಾಲ ಹೊರಗ ಬರೋದ್ರಾಗ ಸುಸ್ತಾಗ್ತಿದ್ರು. ದವಾಖಾನಿ ಓಡಾಟದಾಗ ನಮಗ ಮನಿ ಕಡೆ ಲಕ್ಷ್ಯ ಇರಲಿಲ್ಲ. ಹಿತ್ತಲದಾಗ ಎಣ್ಣಿ ಡಬ್ಬಿಯೊಳಗ ಅತ್ತಿ ಯಾರನ್ನೂ ಮುಟ್ಟಗೊಡದ ಬೆಳಿಸಿದ್ದ ಮರುಗ ನೀರಿಲ್ಲದ ಒಣಗಿ ಕಡ್ಡಿ ಆಗಿತ್ತು.

ಕ್ರಿಸ್ಮಸ್ ಹತ್ರ ಬರೋ ಹೊತ್ತಿಗೆ ಕೊಪ್ಪಳದಿಂದ ಫೋನ್ ಬಂತು. ಅಕ್ಕಾರ ದನಿಗೆ ಸ್ಪೀಕರ್ ಬೇಕಾಗಿಲ್ಲ, ಅತ್ತಿಗೂ ಕೇಳಸ್ತಿತ್ತು.

"ಈ ಸಲ ಹಾರ ನಮ್ಮನ್ಯಾಗ ಮಾಡ್ತೀನಿ. ಹಬ್ಬಾನೂ ಕೊಪ್ಪಳದಾಗ. ಅವ್ವನ್ನ ಕರಕೊಂಡು ಬಂದಬಿಡ್ರಿ. ಇನ್ಮ್ಯಾಲ ವರ್ಷಾ ಹಂಗ ಮಾಡೋಣು."

ಹೊರಸಿನ ಮ್ಯಾಲ ಕುಂತಿದ್ದ ಅತ್ತಿ ನನ್ನ ನೋಡಿದ್ರು. ಅವರಿಗೆ ಆ ಮನಿ ಬಿಟ್ಟು ಇನ್ನೊಂದು ಕಡೆ ಹಬ್ಬ ಗೊತ್ತಿಲ್ಲ. ಮಗಳಿಗೆ ಬ್ಯಾಡ ಅನ್ನಾಕ ಬಾಯಿ ತೆರದ್ರು, ಮಾತು ಹೊರಡಲಿಲ್ಲ. ನನಗ ಎಲ್ಲಿಂದ ಧೈರ್ಯ ಬಂತೋ, ಸಿಟ್ಟು ಬಂತು ಅನ್ನೋದ ಛಲೋ.

"ಹಾರ ಇಲ್ಲೇ ಆಗ್ತದ್ರಿ ಅಕ್ಕಾರ. ನಾನು ಮಾಡ್ತೀನಿ."

"ನೀನಾ?" ಅಂದ್ರು ಅಕ್ಕಾರು. "ಆಗಲವಾ. ಹಬ್ಬದ ಮುಂಚಿನ ಐತವಾರ ಬರ್ತೀನಿ. ಒಂದಿಷ್ಟು ಮಾಡಿ ತಿನ್ನಾಕ ಕೊಡು. ಛಲೋ ಆತಂದ್ರ ಹಬ್ಬ ಗಂಗಾವತ್ಯಾಗ. ಇಲ್ಲಂದ್ರ ನಾ ಹೇಳಿದ್ದು ಕೇಳಬೇಕು, ಆಮ್ಯಾಲ ಮಾರಿ ಉಬ್ಬಸಬಾರದು."

"ಆತ್ರಿ," ಅಂದೆ.

ನಮ್ಮನಿಯವರು ಕಾರಟಗಿ ದಾರ್ಯಾಗ ಮಿಲ್ಲಿನ ತೌಡು ಹಾಕಿ ಹಂದಿ ಸಾಕೋರ ಹತ್ರ ಹೋಗಿ ಮಾಂಸ, ಚರಬಿ, ಕರುಳು ತಂದು ಕೊಟ್ರು. "ನಾನು ಇದ್ರಾಗ ಇಲ್ಲ ನೋಡು. ನೀ ಗೆದ್ರೂ ತಿಂತೀನಿ, ಅಕ್ಕ ಗೆದ್ರೂ ತಿಂತೀನಿ," ಅಂದು ಮೆಲ್ಲಕ ಮಿಲ್ಲಿಗೆ ಜಾಗಾ ಖಾಲಿ ಮಾಡಿದ್ರು. ಇಂಥಾ ಗಂಡನ್ನ ಕಟ್ಟಿಕೊಂಡು ಏನ ಮಾಡೋದು, ಹೇಳ್ರಿ.

ಕರುಳು ತೊಳಿಯೋದು ನನಗ ಹೇಳಿಕೊಡಬೇಕಾಗಿರಲಿಲ್ಲ. ನೀರು ಹಾಕಿ ಒಳಗಿಂದು ಹೊರಗ ಮಾಡೋದು, ಉಪ್ಪು, ಹುಣಸಿಹಣ್ಣು, ಅರಿಶಿಣ ಹಚ್ಚಿ ತಿಕ್ಕೋದು, ಚಮಚದ ಬೆನ್ನಿಲೆ ಹೆರಿಯೋದು, ಮತ್ತ ತೊಳಿಯೋದು. ಬೆರಳು ಅದರ ಹಿಂದ ಕಾಣೋವಷ್ಟು ತೆಳ್ಳಗ ಆಗಬೇಕು. ಆಮ್ಯಾಲ ಅತ್ತಿಯ ಹೊರಸನ್ನ ಅಡಗಿಮನಿ ಬಾಗಲಕ್ಕ ಎಳದು ತಂದೆ. ಅವರು ಹೇಳಬೇಕು, ನಾನು ಮಾಡಬೇಕು.

"ಉಪ್ಪ..." ಅಂದ್ರು. ಹಾಕಿದೆ. "ಮೆಣಸ..." ಅಂದ್ರು. ಕುಟ್ಟಿದೆ. ಬಳ್ಳೊಳ್ಳಿ ತೋರಿಸಿದೆ, ತಲಿ ಆಡಿಸಿದ್ರು. "ಮರ...ಗ," ಅಂದ್ರು. ಅಷ್ಟು ಹೇಳೋದ್ರಾಗ ಅವರ ಹಣಿ ಬೆವರಿತ್ತು. ಸ್ವಲ್ಪ ಅಡ್ಡ ಆಗ್ರಿ, ನಾನು ತರ್ತೀನಿ ಅಂತ ಮಲಗಿಸಿ ಹೂವಿನ ಪ್ಯಾಟಿಗೆ ಓಡಿದೆ.

ಅಲ್ಲಿ ಒಬ್ಬಾಕಿ ವಯಸ್ಸಾದ ಮುಸಲ್ಮಾನರ ಖಾಲಾ ಅದಾಳ. ಹೂವಿನ ರಾಶಿ ನಡುವ ಕುಂತಿರ್ತಾಳ, ಕೈ ಒಂದು ಕಡೆ, ಬಾಯಿ ಒಂದು ಕಡೆ. ಅವತ್ತ ಯಾವುದೋ ಲಗ್ನದ ಗದ್ದಲ, ಕಾಲಿಡಾಕ ಜಾಗಾ ಇರಲಿಲ್ಲ. ನಾನು ದೂರದಿಂದನ ಒದರಿದೆ, "ಖಾಲಾ, ಹಾರಕ್ಕ ಮರುಗ ಬೇಕಾಗಿತ್ತು!" ಆಕಿ ನನ್ನ ಮಾರಿ ಸೈತ ನೋಡಲಿಲ್ಲ. ಕೈಗೆ ಸಿಕ್ಕ ಒಂದು ದೊಡ್ಡ ಸೂಡು ಎಲಿ ಕಾಗದದಾಗ ಸುತ್ತಿ ಕೊಟ್ಲು. ಬೂದಿ ಬಣ್ಣ ಕಲಸಿದಂಗಿರೋ ಹಸರು, ಸಣ್ಣ ಸಣ್ಣಗ ಸೀಳಿದಂಥಾ ಎಲಿ. ಮೂಗಿಗೆ ಹಿಡದೆ. ಅಬ್ಬಬ್ಬಾ, ಏನ ವಾಸನಿ ಅಂತೀರಿ! ಇಷ್ಟು ವರ್ಷ ಬಾಗಲ ಹಿಂದ ಮುಚ್ಚಿಟ್ಟಿದ್ದು ಇದನ್ನ ಏನು ಅಂದಕೊಂಡೆ.

ಮನಿಗೆ ಬಂದು ನೋಡಿದ್ರ ಅತ್ತಿಗೆ ಗಾಢ ನಿದ್ದಿ. ಎಬ್ಬಸೋದು ಬ್ಯಾಡ ಅನಿಸಿತು. ಎಲಿ ಸಣ್ಣಗ ಹೆಚ್ಚಿದೆ, ಒಂದು ಹಿಡಿ ಹಾಕೋ ಕಡೆ ಪ್ರೀತಿಲೆ ಎರಡು ಹಿಡಿ ಹಾಕಿದೆ. ಪರಾತದಾಗ ಮೊಣಕೈತನಕ ಕೈ ಹಾಕಿ ಕಲಸಿದೆ.

ರುಚಿ ಮಾತ್ರ ನೋಡಲಿಲ್ಲ. ಯಾಕಂದ್ರ ನಮ್ಮ ಬೇವೂರ ಮನ್ಯಾಗ ಹಬ್ಬದ ಅಡಗಿ ದೇವರಿಗೆ ತೋರಸೋಕಿಂತ ಮೊದಲು ಯಾರೂ ನಾಲಿಗಿಗೆ ಹಚ್ಚಂಗಿಲ್ಲ. ಹೂರಣಕ್ಕ ಬೆಲ್ಲ ಸಾಕೋ ಬೇಕೋ, ಸಾರಿಗೆ ಉಪ್ಪು ಹತ್ಯದೋ ಇಲ್ಲೋ, ಎಲ್ಲಾ ನಮ್ಮವ್ವ ಮೂಗಿಲೆನ ನೋಡಾಕಿ. ಹಬ್ಬದ ಹಾರಾನೂ ಹಂಗ ಅಂದಕೊಂಡೆ. ಹಸಿ ಖೀಮಾದ ಒಂದು ಚೂರು ಹಂಚಿನ ಮ್ಯಾಲ ಹುರದು, ತಿಂದು ನೋಡಿ ಆಮ್ಯಾಲ ತುಂಬಬೇಕು ಅಂತ ಯಾರಿಗೆ ಗೊತ್ತು? ಮುಚ್ಚಿದ ಬಾಗಲ ಹಿಂದ ಕೇಳಸ್ತಿದ್ದ ಚಟಪಟ ಸಪ್ಪಳ ಅದ ಇತ್ತಂತ. ನನಗ ಯಾರೂ ಹೇಳಿದ್ದಿಲ್ಲ.

ಅಷ್ಟ್ರಾಗ ಅತ್ತಿಗೆ ಎಚ್ಚರಾತು. ಮೂಗು ಮ್ಯಾಲ ಮಾಡಿ ಗಾಳಿ ಮೂಸಿದ್ರು. ಕಣ್ಣು ದೊಡ್ಡು ಮಾಡಿ ನನ್ನ ಕಡೆ ಬೆರಳು ಮಾಡಿದ್ರು.

"ದವ..." ಅಂದ್ರು. "ದವ... ದವ..."

ನಮ್ಮ ಕಡೆ ಔಷಧಕ್ಕ ದವಾ ಅಂತೀವಿ. ಅವರ ಮಧ್ಯಾಹ್ನದ ಗುಳಗಿ ಮರತಬಿಟ್ಟೆನೇನೋ ಅಂತ ಜೀವ ಝಲ್ ಅಂತು. ಕೈ ತೊಳಕೊಂಡು ಗುಳಗಿ ಡಬ್ಬಿ, ನೀರು ತಂದು ಮುಂದ ಹಿಡದೆ. ಅತ್ತಿ ತಲಿ ಜೋರಾಗಿ ಆಡಿಸಿದ್ರು. "ದವ!" ಅಂದ್ರು. "ತಗೋರಿ, ದವಾ ಇಲ್ಲೇ ಐತಿ," ಅಂದೆ. ಎಡಗೈಲೆ ಡಬ್ಬಿ ಬಡದು ಒಗದ್ರು. ಗುಳಗಿ ಅಡಗಿಮನಿ ತುಂಬಾ ಉಳ್ಳಾಡಿದ್ವು. ನಾನು ಒಲಿ ಕೆಳಗ ಬಗ್ಗಿ ಒಂದೊಂದ ಆರಿಸ್ಕೋತ ಗೊಣಗಿದೆ, "ಏನ ಸಿಟ್ಟರಿ ನಿಮ್ಮದು, ದವಾ ಅಂತೀರಿ, ಕೊಟ್ರ ಒಗೀತೀರಿ." ಅವರು ಪರಾತದ ಕಡೆ ಕೈ ಮಾಡಿ ಮತ್ತ "ದವ" ಅಂದ್ರು. ದವಾದಾಗೂ ಮರುಗ ಹಾಕ್ತಾರೇನೋ, ಛಲೋ ಅಂತಾರೇನೋ ಅಂದಕೊಂಡು, "ಹೌದ್ರಿ, ಹೌದ್ರಿ," ಅಂದೆ. ಅತ್ತಿ ಹಣಿ ಹಣಿ ಬಡಕೊಂಡು ಗ್ವಾಡಿ ಕಡೆ ಹೊಳ್ಳಿ ಮಲಗಿದ್ರು.

ತಿನ್ನಿಸಿ ನೋಡೋವಷ್ಟ ಮಾಡೋದಿತ್ತಂತ ಗೇಣಿನ ಗಂಟು ಹಾಕದ, ಕರುಳಿನಾಗ ತುಂಬಿ ಎರಡು ತುದಿ ಅಷ್ಟ ಕಟ್ಟಿದೆ. ಐತವಾರ ಮುಂಜಾನಿ ಅಕ್ಕಾರು ಬಂದ್ರು. ನಾನು ಹೊಸ ಸೀರಿ ಉಟಕೊಂಡು, ಹಾರ ಹುರದು ತಾಟಿನ್ಯಾಗ ಇಟ್ಟು ತಂದೆ. ಮನಿ ತುಂಬಾ ವಾಸನಿ. "ವಾಸನಿ ಏನೋ ಬ್ಯಾರೆ ಬರಾಕತ್ತೈತಿ," ಅನಕೋತ ಅಕ್ಕಾರು ಬಾಯಾಗ ಇಟಗೊಂಡ್ರು. ಒಂದ ಸಲ ಅಗದ್ರು. ಆಮ್ಯಾಲ ಮಾರಿ ಹುಳ್ಳಗ ಮಾಡಿ ಹಿತ್ತಲಕ್ಕ ಓಡಿದ್ರು. ನಾನೂ ಒಂದು ಚೂರು ಬಾಯಿಗೆ ಹಾಕ್ಕೊಂಡೆ. ಯಪ್ಪಾ! ಕಹಿ ಅಂದ್ರ ಎಂಥಾ ಕಹಿ, ನಾಲಿಗಿ ಕಿತ್ತು ಒಗೀಬೇಕು ಅನಸೋವಂಥಾ ಕಹಿ.

ಅಕ್ಕಾರು ಬಾಯಿ ಮುಕ್ಕಳಿಸಿ ಬಂದು ನಡುಮನ್ಯಾಗ ನಿಂತು, "ಬೇವೂರಾಕಿ ಬೇವು ಹಾಕ್ಯಾಳ ನೋಡ್ರಪಾ!" ಅಂದ್ರು. ನಮ್ಮನಿಯವರು ನಗು ತಡಕೊಳ್ಳಾಕ ಕೆಮ್ಮಿದ್ರು. ನಾನು ಕಣ್ಣಿಲೆನ ಸುಟ್ಟೆ. ಉಳದಿದ್ದು ಹೊರಗ ಹಾಕಿದ್ರ ಓಣಿ ನಾಯಿ ಮೂಸಿ ನೋಡಿ ಹಂಗ ಹೋತು. ಅದರ ಸೊಕ್ಕ ನೋಡ್ರಿ.

ಹೋಗೋ ಮುಂದ ಅಕ್ಕಾರು ನನ್ನ ಹೆಗಲ ಮ್ಯಾಲ ಕೈ ಇಟ್ಟು ಸಣ್ಣ ದನಿಲೆ ಮಾತಾಡಿದ್ರು, ಅದು ಬೈದಿದ್ದಕ್ಕಿಂತ ಹೆಚ್ಚಿಗಿ ಚುಚ್ಚಿತು. "ನೀ ಮನಸ್ಸಿಗೆ ಹಚ್ಚಿಕೋಬ್ಯಾಡ. ಇದು ರಕ್ತದಾಗ ಬರಬೇಕವಾ. ಹಬ್ಬಕ್ಕ ಅವ್ವನ್ನ ಕರಕೊಂಡು ಕೊಪ್ಪಳಕ್ಕ ಬರ್ರಿ."

ಅವರು ಹೋದ ಮ್ಯಾಲ ಅಡಗಿಮನ್ಯಾಗ ಕುಂತು ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ. ಹೊಲಾ ಮನಿ ಬಿಟ್ಟು, ಅಪ್ಪನ ಮಾತು ಮೀರಿ ಬಂದಾಕಿ ನಾನು. ಈ ಮನಿ ಮಕ್ಕಳನ್ನ ಹಡದೀನಿ, ಈ ಮುದುಕಿ ತಲಿ ಎರದು ಬಾಚೀನಿ. ರಕ್ತದಾಗ ಬರಬೇಕಂತ! ಕಣ್ಣು ಒರಸಿಕೊಳ್ಳಾಕ ಸೆರಗು ಎತ್ತಿದ್ರ ಬಾಗಲದಾಗ ಅತ್ತಿ. ಗ್ವಾಡಿ ಹಿಡಕೊಂಡು ತಾವ ಎದ್ದು ಬಂದಿದ್ರು. ಹೂವಿನ ಕಾಗದದಾಗ ಉಳದಿದ್ದ ಒಂದು ಎಲಿ ಎಡಗೈ ಬೆರಳಿಲೆ ತಗದು ನನ್ನ ಕಣ್ಣಿನ ಮುಂದ ಹಿಡದ್ರು. ತುಟಿ ಕಚ್ಚಿ, ಉಸಿರು ಎಳಕೊಂಡು, ಒಂದು ಮೂಟಿ ಎತ್ತಿದಂಗ ಆ ಶಬ್ದ ಎತ್ತಿದ್ರು.

"ದವ... ನ. ದವನ. ಮರಗ ಅಲ್ಲ."

ದವನ!

ಬೇವೂರಾಗ ನಾವು ಮರುಗ ದವನ ಅಂತ ಒಂದ ಉಸರಿನ್ಯಾಗ ಅಂತಿದ್ವಿ. ಸಂತ್ಯಾಗ ಎರಡೂ ಒಂದ ದಾರದಾಗ ಕಟ್ಟಿ ಮಾರ್ತಿದ್ರು. ಅವು ಎರಡು ಬ್ಯಾರೆ ಗಿಡ ಅಂತ ನನಗ ನಿಜವಾಗ್ಲೂ ಗೊತ್ತಿರಲಿಲ್ಲ. ಮುಡಿಯೋರಿಗೆ ಅದು ಯಾಕ ಬೇಕು? ಅತ್ತಿಯ ಡಬ್ಬಿಯೊಳಗಿನ ಗಿಡಾನೂ ನಾನು ಹತ್ರಕ್ಕ ಹೋಗಿ ಮೂಸಿ ನೋಡಿದಾಕಿ ಅಲ್ಲ. ಮುದುಕಿ ದವನ ಹಾಕಬ್ಯಾಡ, ದವನ ಹಾಕಬ್ಯಾಡ ಅಂತ ಜೀವಾ ಹೊಡಕೊಂಡಿದ್ರ, ನಾನು ದವಾ ತಗೋರಿ, ದವಾ ತಗೋರಿ ಅಂತ ಗುಳಗಿ ಹಿಡಕೊಂಡು ಬೆನ್ನು ಹತ್ತಿದ್ದೆ.

ಮೊದಲು ಅತ್ತಿ ನಕ್ರು. ಸೊಟ್ಟ ಬಾಯಿಲೆ, ಒಂದು ಕಡೆಯಿಂದ. ನಾನು ಕಣ್ಣಾಗ ನೀರು ಇಟಗೊಂಡ ನಗಾಕ ಶುರು ಮಾಡಿದೆ. "ದವಾ," ಅಂತ ನಾನು ಗುಳಗಿ ಡಬ್ಬಿ ತೋರಸೋದು, "ದವ-ನ" ಅಂತ ಅವರು ಎಲಿ ತೋರಸೋದು. ಇಬ್ರೂ ಹೊಟ್ಟಿ ಹಿಡಕೊಂಡು ನೆಲದ ಮ್ಯಾಲ ಕುಂತಬಿಟ್ವಿ. ಆ ಮನಿಗೆ ಬಂದಾಗಿಂದ ನಾನು ಅತ್ತಿ ಜೋಡಿ ಹಂಗ ನಕ್ಕಿದ್ದ ಇಲ್ಲ. ನಗು ನಿಂತ ಮ್ಯಾಲ ಅವರು ನನ್ನ ಕೈ ಹಿಡದು, "ಮತ್ತ... ಮಾಡ," ಅಂದ್ರು.

ಅಕ್ಕಾರಿಗೆ ಫೋನ್ ಹಚ್ಚಿದೆ. "ಅಕ್ಕಾರ, ಅದು ದವನ ಆಗಿತ್ರಿ. ಮತ್ತೊಂದ ಸಲ ಮಾಡಾಕ ಅತ್ತಿ ಹೇಳ್ಯಾರ. ಹಬ್ಬಕ್ಕ ನೀವ ಇಲ್ಲಿಗೆ ಬರ್ರಿ." ಅವ್ವ ಹೇಳ್ಯಾರ ಅಂದ್ರ ಅವರು ಏನನ್ನಬೇಕು? "ಕೋಳಿ ತರ್ತೀನಿ ನಾನು. ಊಟಕ್ಕ ಏನಾರ ಬೇಕಲ್ಲ," ಅಂದ್ರು. ತರ್ರಿ, ಅಂದೆ.

ಮತ್ತ ಹೂವಿನ ಪ್ಯಾಟಿಗೆ ಹೋದೆ. ಈ ಸಲ ಜಗಳಕ್ಕ ತಯಾರಾಗಿ ಹೋದೆ. "ಏನ ಖಾಲಾ, ಮರುಗ ಕೇಳಿದ್ರ ದವನ ಕೊಡ್ತೀಯಾ?"

ಆಕಿ ಹೂ ಕಟ್ಟೋದು ನಿಲ್ಲಸದ ಅಂದ್ಲು, "ನೀ ಏನಂದಿ? ಹಾರಕ್ಕ ಅಂದಿ. ಹಾರಕ್ಕ ದವನ ಛಲೋ, ಬಾಡೂದಿಲ್ಲ. ಹಾರಕ್ಕ ಕೊಟ್ಟೀನಿ. ಯಾರಾರ ಹಾರ ತಿಂತಾರೇನ?"

"ನಾವು ತಿಂತೀವಿ," ಅಂದೆ.

ಈಗ ಆಕಿ ಕೈ ನಿಂತ್ವು. ಸುತ್ತ ಹೂವಿನವರೆಲ್ಲಾ ನನ್ನ ಮಾರಿ ನೋಡಿದ್ರು. ಹೇಳಲೇಬೇಕಾತು. ಮಾಂಸದಾಗ ಹಾಕ್ತೀವಿ ಅಂದೆ. ಯಾವ ಮಾಂಸ ಅಂತ ಕೇಳಿದ್ಲು. ಸುಳ್ಳು ಹೇಳಬಹುದಾಗಿತ್ತು, ಮನಸ್ಸು ಬರಲಿಲ್ಲ. "ನೀ ತಿನ್ನೂದಿಲ್ಲ ಬಿಡು ಖಾಲಾ, ಅದು," ಅಂದೆ.

ಆಕಿಗೆ ತಿಳೀತು. ಬೊಚ್ಚ ಬಾಯಿ ತುಂಬಾ ನಕ್ಲು. "ಮರುಗ ನಂದು, ಹಂದಿ ನಿಂದು. ನನಗೇನ ಆಗಬೇಕೈತಿ? ತಿನ್ನೋ ಮರುಗ ಅಂದ್ರ ಎಳೇದು ಬೇಕು, ಹೂ ಬಿಟ್ಟಿದ್ದಲ್ಲ." ಹಿಂದಿನ ಬುಟ್ಟ್ಯಾಗಿಂದ ಒದ್ದಿ ಅರಬಿ ಸರಿಸಿ ಒಂದು ಸೂಡು ತಗದ್ಲು. ದುಂಡನ್ನ ಸಣ್ಣ ಎಲಿ, ಬೆಕ್ಕಿನ ಕಿವಿ ಹಂಗ ಮೆತ್ತಗ. ತಿಕ್ಕಿ ಮೂಗಿಗೆ ಹಿಡದೆ. ಇಪ್ಪತ್ತು ವರ್ಷ ಮುಚ್ಚಿದ ಬಾಗಲ ಸಂದ್ಯಾಗಿಂದ ಬರ್ತಿದ್ದ ವಾಸನಿ ಇದ. ಈಗ ನನ್ನ ಅಂಗೈಯಾಗಿತ್ತು.

ಹಬ್ಬದ ಹಿಂದಿನ ದಿನ ಮತ್ತ ಪರಾತ ಇಟ್ಟೆ. ಈ ಸಲ ಮಾಂಸ ನಾನ ಮಚ್ಚಿಲೆ ಕೊಚ್ಚಿದೆ. ಭಾಳ ನುಣ್ಣಗ ಮಾಡಬ್ಯಾಡ ಅಂತ ಅತ್ತಿ ಕೈಸನ್ನಿ ಮಾಡಿದ್ರು. ಚರಬಿ ಕಡ್ಲಿಕಾಳಿನಷ್ಟು ತುಂಡು ಮಾಡಿದೆ. ಮರುಗ ಹೆಚ್ಚಿ ಹಾಕೋ ಮುಂದ ಅತ್ತಿ ಮೂಗಿನ ಹತ್ರ ಹಿಡದೆ. ಕಣ್ಣು ಮುಚ್ಚಿ ಮೂಸಿ, "ಹೂಂ," ಅಂದ್ರು. ಆ "ಹೂಂ"ಗೆ ನನ್ನ ಅರ್ಧಾ ಜೀವ ವಾಪಸ್ ಬಂತು.

ಅತ್ತಿ ಹಂಚಿನ ಕಡೆ ಬೆರಳು ಮಾಡಿದ್ರು, ಅದನ್ನ ಕಾಯಿಸಿ ಚೂರು ಖೀಮಾ ಹುರದೆ. ಅತ್ತಿಗೆ ತಿನಿಸಿದೆ. "ಉಪ್ಪ," ಅಂದ್ರು. ಹಾಕಿದೆ. ಮತ್ತ ಹುರದೆ. "ಮೆಣಸ," ಅಂದ್ರು. ಮತ್ತ ಹುರದೆ. ಆಮ್ಯಾಲ ಎಡಗೈಲೆ ಚೂರು ತಗದು ನನ್ನ ತುಟಿಗೆ ಹಿಡದ್ರು. ನಾನು ಹಿಂದ ಸರದೆ. ಹಬ್ಬದ ಅಡಗಿ, ಪ್ರಾರ್ಥನಿ ಆಗಿಲ್ಲ, ಹೆಂಗ ತಿನ್ನೋದು? ನಮ್ಮವ್ವ ಕಂಡಿದ್ರ ಕೈ ಮ್ಯಾಲ ಸೌಟಿಲೆ ಬಾರಿಸ್ತಿದ್ಲು. ಅತ್ತಿ ಕಣ್ಣು ಕೆಂಪು ಮಾಡಿದ್ರು. ಹನುಮಪ್ಪಾ, ಯೇಸಪ್ಪಾ, ಇಬ್ರೂ ಕ್ಷಮಾ ಮಾಡ್ರಿ ಅಂತ ಮನಸಿನ್ಯಾಗ ಅಂದು ಬಾಯಿ ತೆರದೆ. ತಿಂದೆ. ತಿಂದು ಅಲ್ಲೇ ಒಂದ ಸಲ ಜಿಗದೆ, ಈ ವಯಸ್ಸಿನ್ಯಾಗ. ಖಾರ ಮೊದಲು, ಬಳ್ಳೊಳ್ಳಿ ನಡುವ, ಕಡೀಕ ಮರುಗ ಮೂಗಿನ್ಯಾಗ ಬಂದು ನಿಲ್ತಿತ್ತು.

ತುಂಬೋದು ಲಾಳಿಕಿಲೆ. ಕರುಳಿನ ಬಾಯಿ ಲಾಳಿಕಿ ಮೂತಿಗೆ ಏರಿಸಿ, ಖೀಮಾ ಹಾಕಿ ಹೆಬ್ಬೆರಳಿಲೆ ಒತ್ತಬೇಕು. ಬಿಗಿ ಆದ್ರ ಒಡೀತದ, ಸಡಿಲ ಆದ್ರ ಗಾಳಿ ತುಂಬತದ. ಅದು ಹೆಂಗೋ ಹತೋಟಿಗೆ ಬಂತು. ಕಟ್ಟೋದ್ರಾಗ ಸಿಕ್ಕಿಬಿದ್ದೆ. ಅತ್ತಿಯ ಪದ್ಧತಿ ಅಂದ್ರ ಗೇಣು ಗೇಣಿಗೆ ಬ್ಯಾರೆ ಬ್ಯಾರೆ ದಾರದ ತುಂಡಿಲೆ ಎರಡು ಗಂಟು. ದಾರ ಎಳಿಯೋ ಮುಂದ ಕರುಳು ಹರೀತು. ಮತ್ತೊಂದು ಕಟ್ಟಿದೆ, ಅದೂ ಹರೀತು. ಖೀಮಾ ಹೊರಗ ಇಣಕಿತು. ಅತ್ತಿ ತಮ್ಮ ಸೋತ ಬಲಗೈ ನೋಡಿಕೊಂಡ್ರು. ಬೆರಳಿನ ವಿದ್ಯಾ ಬಾಯಿಲೆ ಹೇಳಾಕ ಬರ್ತದೇನು?

ನಾನು ಉಂಡಿಯ ದಾರ ಕೈಯಾಗ ಹಿಡಕೊಂಡು ಕುಂತಾಗ ಬೆರಳು ತಾವ ಕೆಲಸಾ ಶುರು ಮಾಡಿದ್ವು. ಬೇವೂರಿನ ಹೆಣ್ಮಕ್ಕಳಿಗೆ ಹೂ ಕಟ್ಟೋದು ಯಾರೂ ಕಲಸಬೇಕಾಗಿಲ್ಲ. ದಾರ ತುಂಡು ಮಾಡಂಗಿಲ್ಲ. ಎರಡು ಬೆರಳಿನ ಮ್ಯಾಲ ಕುಣಿಕಿ ಮಾಡಿ, ಹೂವಿನ ತೊಟ್ಟಿನ ಮ್ಯಾಲ ಇಳಿಸಿ, ಮೆಲ್ಲಕ ಎಳೀಬೇಕು. ತೊಟ್ಟು ಮುರೀಬಾರದು, ಹೂ ಜಾರಬಾರದು. ಕರುಳನ್ನ ಎರಡು ಸಲ ತಿರುವಿ ತೊಟ್ಟು ಮಾಡಿದೆ. ಕುಣಿಕಿ ಇಳಿಸಿದೆ. ಎಳದೆ. ನಿಂತಿತು! ಮುಂದಿನ ಗೇಣು, ಮತ್ತ ಕುಣಿಕಿ. ನಿಂತಿತು! ಒಂದ ದಾರ, ಈ ತುದಿಯಿಂದ ಆ ತುದಿತನಕ, ಒಂದೂ ಹರೀಲಿಲ್ಲ. ಬೆರಳು ಓಡಾಕ ಹತ್ತಿದ ಮ್ಯಾಲ ಅತ್ತಿ ಹೊರಸಿನ ಮ್ಯಾಲ ಮುಂದ ಮುಂದ ಬಗ್ಗಿ ನೋಡಾಕ ಹತ್ತಿದ್ರು. ಗಳಕ್ಕ ಏರಿಸಿದಾಗ ಅದು ಖರೇವಂದ್ರೂ ಹಾರನ ಆಗಿತ್ತು, ಎಲ್ಲಾ ಒಂದ ಅಳತಿ, ಒಂದ ಸಾಲು. ಕೆಳಗ ನಿಂತು ಸೊಂಟದ ಮ್ಯಾಲ ಕೈ ಇಟಗೊಂಡು ನೋಡಿದೆ. ಬರ್ರಿ ಅಕ್ಕಾರ, ಈಗ ಬರ್ರಿ ಅಂತ ಗಟ್ಟಿಯಾಗೇ ಅಂದೆ.

ಹಬ್ಬದ ದಿನ ಚರ್ಚಿನಿಂದ ಎಲ್ಲಾರೂ ಮನಿಗೆ ಬಂದ್ರು. ಅಕ್ಕಾರು ಮಾತು ತಪ್ಪಲಿಲ್ಲ, ಕೋಳಿ ಸಾರಿನ ದೊಡ್ಡ ಡಬ್ಬಿ ತಂದಿದ್ರು. ನಾನು ಅದನ್ನ ಮರ್ಯಾದಿಲೆ ಒಲಿ ಬಾಜೂಕ ಇಟ್ಟೆ. ಹಾರವನ್ನ ಸೂಜಿಲೆ ಅಲ್ಲಲ್ಲೆ ಚುಚ್ಚಿ, ಸಣ್ಣ ಉರಿಯೊಳಗ, ಅದರ ಚರಬಿಯೊಳಗನ ಹೊರಳಾಡಿಸಿ ಹುರದೆ. ಮ್ಯಾಲಿನ ತೊಗಲು ಇಟ್ಟಂಗಿ ಬಣ್ಣಕ್ಕ ತಿರುಗಿತು. ನಡುಮನ್ಯಾಗ ಮಾತು ತಾನ ಕಡಿಮಿ ಆತು. ವಾಸನಿ ಅಲ್ಲಿಗೆ ಮುಟ್ಟಿತ್ತು.

ಪ್ರಾರ್ಥನಿ ಆತು. ಅತ್ತಿಯನ್ನ ಗ್ವಾಡಿಗೆ ಒರಗಿಸಿ ಕೂಡಿಸಿದ್ವಿ. ಮೊದಲ ತಾಟು ಅಕ್ಕಾರಿಗೆ ಇಟ್ಟೆ, ಮುಂದ ನಿಂತೆ. ಕೂಡು ಅಂದ್ರೂ ಕೂಡಲಿಲ್ಲ. ಈ ಮನ್ಯಾಗ ಹಬ್ಬ ಉಳೀತದೋ ಇಲ್ಲೋ, ನಾನು ಈ ಮನಿಯಾಕೇ ಹೌದೋ ಅಲ್ಲೋ, ಎಲ್ಲಾ ಆ ತಾಟಿನ್ಯಾಗಿತ್ತು.

ಅಕ್ಕಾರು ತುದಿ ಮುರದು, ಅನುಮಾನದಿಂದ, ನಾಲಿಗಿ ತುದಿಲೆ ಮುಟ್ಟಿ ನೋಡಿದ್ರು. ಬಾಯಾಗ ಇಟಗೊಂಡ್ರು. ಅಗದ್ರು. ಅಗಿಯೋದು ನಿಂತಿತು. ಮತ್ತ ಅಗದ್ರು, ನಿಧಾನಕ, ಕಣ್ಣು ಮುಚ್ಚಿ. ಎರಡನೇದು ತಗೊಂಡ್ರು. ಅದನ್ನೂ ಮುಗಿಸಿದ್ರು. ನಮ್ಮನಿಯವರು ಅಷ್ಟ್ರಾಗ ತಮ್ಮ ತಾಟು ಖಾಲಿ ಮಾಡಿ ಮಕ್ಕಳ ತಾಟಿಗೆ ಕಣ್ಣು ಹಾಕಿದ್ರು. ಕೋಳಿ ಸಾರಿನ ಡಬ್ಬಿ ಮುಚ್ಚಳಾ ತೆಗಿಯಾಕ ಯಾರೂ ಏಳಲಿಲ್ಲ.

ಕಡೀಕ ಅಕ್ಕಾರು ತಲಿ ಎತ್ತಿದ್ರು. ಕಣ್ಣಾಗ ನೀರು ಬಂದಿತ್ತು, ಖಾರಕ್ಕಲ್ಲ. ತಾಯಿ ಕಡೆ ತಿರುಗಿ, "ಯವ್ವಾ," ಅಂದ್ರು, "ಥೇಟ್ ನಿನ್ನ ಕೈ ಬೇ. ಕಣ್ಣು ಮುಚ್ಚಿ ತಿಂದ್ರ ನಿನ್ನ ಕೈನ."

ಇದಕ್ಕಿಂತ ದೊಡ್ಡ ಮಾತು ಆ ಮನ್ಯಾಗ ಇಲ್ಲ. ನನಗ ನೆಲದ ಮ್ಯಾಲ ಕಾಲು ನಿಲ್ಲಲಿಲ್ಲ. ಗೆದ್ದೆ ಅಂದಕೊಂಡೆ. ಹೌದು, ಗೆದ್ದೆ, ಹೇಳಾಕ ನನಗ್ಯಾಕ ನಾಚಿಕಿ?

ಆದ್ರ ಅತ್ತಿ ತಲಿ ಆಡಿಸಾಕ ಹತ್ತಿದ್ರು, ಆ ಕಡೆ ಈ ಕಡೆ. ತುಟಿ ಕಚ್ಚಿದ್ರು. ಶಬ್ದ ಎತ್ತಾಕ ಹತ್ಯಾರ ಅಂತ ನಮಗೆಲ್ಲಾ ಗೊತ್ತಾತು. ತಿನ್ನೋರು ತಿನ್ನೋದು ಬಿಟ್ಟು ಕಾದ್ರು.

"ಅಲ್ಲ," ಅಂದ್ರು. ಉಸಿರು ಎಳಕೊಂಡ್ರು. ಎಡಗೈ ಎತ್ತಿ ನನ್ನ ಕಡೆ ಮಾಡಿದ್ರು. "ನನ್ನ ಕೈ... ಅಲ್ಲ. ಆಕಿ ಕೈ."

ಅಕ್ಕಾರು ತಾಯಿ ಮಾರಿ ನೋಡಿದ್ರು, ನನ್ನ ಮಾರಿ ನೋಡಿದ್ರು. ಆಮ್ಯಾಲ ಖಾಲಿ ತಾಟು ಎತ್ತಿ ನನ್ನ ಮುಂದ ಹಿಡದ್ರು.

"ಹಂಗಾರ ನಿನ್ನ ಕೈಲೆನ ಹಾಕವಾ," ಅಂದ್ರು.